ಊರಿನ ಚರಿತ್ರೆಗೆ ಗೆರೆ ಎಳೆಯುವುದು ಹೇಗೆ?

ಪಠ್ಯಪುಸ್ತಕ ತೆರೆದರೆ ಪ್ರಾಚೀನ, ಮಧ್ಯಯುಗ, ಆಧುನಿಕ ಎಂಬ ಮೂರು ಕಾಲಗಳು ಸಿದ್ಧವಾಗಿ ಕುಳಿತಿರುತ್ತವೆ. ಮಕ್ಕಳು ಅವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆಯೇ ಹೊರತು, ಆ ಗೆರೆಗಳನ್ನು ಯಾರೋ ಯಾವುದೋ ಕಾರಣಕ್ಕೆ ಎಳೆದಿದ್ದಾರೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಅದನ್ನು ಹೊಳೆಯಿಸಲು, ನಮ್ಮ ಬೆಂಗಳೂರಿನ ಚರಿತ್ರೆಯನ್ನೇ ಇಟ್ಟುಕೊಂಡು, ಎಂಟನೇ ತರಗತಿಯಲ್ಲಿ ಎರಡು ಪಿರಿಯಡ್‌ಗಳಲ್ಲಿ ನಾನು ಮಾಡಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಇಪ್ಪತ್ತೈದು ಅಡಿ ಉದ್ದದ ಹಗ್ಗವೊಂದನ್ನು ಶಾಲೆಯ ಪಡಸಾಲೆಯಲ್ಲಿ ಕಟ್ಟಿಸಿ, ಒಂದು ಅಡಿಗೆ ಐವತ್ತು ವರ್ಷದಂತೆ ಗುರುತು ಹಾಕಿಸಿ. ಬಳಿಕ ಮಕ್ಕಳು ಇಸವಿಗಳನ್ನು ಬರೆದ ರಟ್ಟಿನ ಚೀಟಿಗಳನ್ನು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಲಿ: ‘ಬೆಂಗಳೂರು ಕಾಳಗ’ವನ್ನು ಹೆಸರಿಸುವ ಬೇಗೂರಿನ ಶಾಸನಕ್ಕೆ ಸುಮಾರು 890, ಕೆಂಪೇಗೌಡರ ಪೇಟೆಗೆ 1537, ಬಿಜಾಪುರದ ಸೈನ್ಯ ಊರನ್ನು ಗೆದ್ದದ್ದಕ್ಕೆ 1638, ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕೋಟೆ ಹಿಡಿದದ್ದಕ್ಕೆ 1791, ಟಿಪ್ಪುವಿನ ಮರಣಕ್ಕೆ 1799, ದಂಡು, ಅಂದರೆ ಬ್ರಿಟಿಷರ ಸೇನಾನೆಲೆ (ಕಂಟೋನ್ಮೆಂಟ್), ನೆಲೆಯೂರಿದ್ದಕ್ಕೆ 1809, ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡದ್ದಕ್ಕೆ 1831, ಅದನ್ನು ಒಡೆಯರಿಗೆ ಮರಳಿಸಿದ್ದಕ್ಕೆ 1881, ಮತ್ತೆ 1947.

ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಕ್ಕಳು ಹಗ್ಗವನ್ನು ನೋಡಲು ಬಿಡಬೇಕು. 1791ರಿಂದ 1831ರವರೆಗಿನ ನಾಲ್ಕು ಚೀಟಿಗಳು ಒಂದು ಅಡಿಯೊಳಗೆ ಒಂದರ ಮೇಲೊಂದು ಬಿದ್ದಿರುತ್ತವೆ. ಬೇಗೂರಿನಿಂದ ಕೆಂಪೇಗೌಡರವರೆಗೆ ಹದಿಮೂರು ಅಡಿ ಹಗ್ಗ ಖಾಲಿ. ‘ಆಗ ಏನೂ ನಡೆಯಲಿಲ್ಲವಾ ಮಿಸ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ತಮಿಳು ಶಾಸನಗಳು ಆ ಖಾಲಿ ಜಾಗದವೇ ಎಂದು ಹೇಳಿದರೆ, ಖಾಲಿಯಾಗಿರುವುದು ಕಾಲವಲ್ಲ, ನಮ್ಮ ಚೀಟಿಗಳ ಕಟ್ಟು ಎಂಬುದು ಅವರಿಗೇ ತಿಳಿಯುತ್ತದೆ.

ಅನಂತರ ಕೆಂಪು ದಾರ ಕೊಟ್ಟು, ‘ಆಳುವವರು ಬದಲಾದದ್ದು ಎಲ್ಲೆಲ್ಲಿ?’ ಎಂಬ ಪ್ರಶ್ನೆಗೆ ಉತ್ತರವಾಗಿ ಗೆರೆಗಳನ್ನು ಕಟ್ಟಿಸಿ. ಈ ಹಂತ ಬೇಗ ಮುಗಿಯುತ್ತದೆ, ಏಕೆಂದರೆ ಪುಸ್ತಕವೂ ಇದನ್ನೇ ಮಾಡುತ್ತದೆ. 1817ರಲ್ಲಿ ಬ್ರಿಟಿಷ್ ಇತಿಹಾಸಕಾರ ಜೇಮ್ಸ್ ಮಿಲ್ ಭಾರತದ ಚರಿತ್ರೆಯನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ವಿಂಗಡಿಸಿದ್ದನ್ನು ಇದೇ ಸಂದರ್ಭದಲ್ಲಿ ಹೇಳಬಹುದು. ಮೊದಲ ಎರಡಕ್ಕೆ ಧರ್ಮದ ಹೆಸರು, ಮೂರನೆಯದಕ್ಕೆ ಮಾತ್ರ ದೇಶದ ಹೆಸರು ಏಕೆ ಎಂದು ಕೇಳಿ ನೋಡಿ. ದೊಡ್ಡವರಿಗಿಂತ ಮೊದಲು ಮಕ್ಕಳೇ ಎಡವಟ್ಟನ್ನು ಹಿಡಿಯುತ್ತಾರೆ.

ಮುಖ್ಯವಾದ ಕೆಲಸ ಇರುವುದು ನೀಲಿ ದಾರದಲ್ಲಿ. ‘ಊರು ನೀರು ಕುಡಿದ ಬಗೆ ಬದಲಾದದ್ದು ಎಲ್ಲಿ?’ ಎಂದು ಪ್ರಶ್ನೆಯನ್ನು ಬದಲಿಸಿ, ಹೊಸ ಚೀಟಿಗಳನ್ನು ಕೊಡಿ. ಶತಮಾನಗಳ ಕಾಲ ಕೆರೆ, ಕಲ್ಯಾಣಿ, ಬಾವಿಗಳಿದ್ದ ಊರಿಗೆ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿ. ಈಗ ಎರಡೂ ದಾರಗಳನ್ನು ಒಟ್ಟಿಗೆ ನೋಡಿದರೆ, ಕೆಂಪು ದಾರದ ಅತಿ ದೊಡ್ಡ ಗಂಟುಗಳಾದ 1799 ಮತ್ತು 1947ರಲ್ಲಿ ನೀಲಿ ಗಂಟೇ ಇಲ್ಲ. ಇತಿಹಾಸಕಾರರು ಮೊದಲು ಪ್ರಶ್ನೆಯನ್ನು ಆರಿಸಿ, ಬಳಿಕ ಗೆರೆಯನ್ನು ಎಳೆಯುತ್ತಾರೆ ಎಂಬ ಮಾತನ್ನು ಇಲ್ಲಿ ಹೇಳಿದರೆ ಸಾಕು, ವಿವರಿಸಬೇಕಾಗಿಲ್ಲ.

ಇನ್ನು ಗೆರೆ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ಪರೀಕ್ಷಿಸಬೇಕು. 1881ರಲ್ಲಿ ಪೇಟೆಯು ಒಡೆಯರ ಆಡಳಿತಕ್ಕೆ ಬಂದರೂ ದಂಡು ಪ್ರದೇಶ 1947ರವರೆಗೆ ಬ್ರಿಟಿಷರ ಕೈಯಲ್ಲೇ ಉಳಿಯಿತು. ಎರಡರ ನಗರಸಭೆಗಳೂ ಒಂದಾದದ್ದು 1949ರಲ್ಲಿ. ಅಂದರೆ ಪೇಟೆಯ ಭಾಗವಾದ ಚಿಕ್ಕಪೇಟೆಯ ಗೆರೆ ದಂಡಿನ ಭಾಗವಾದ ಶಿವಾಜಿನಗರಕ್ಕೆ ಹೊಂದುವುದಿಲ್ಲ.

ಕೊನೆಗೆ ಕಾಲಗಳಿಗೆ ಮಕ್ಕಳೇ ಹೆಸರಿಡಲಿ. ಪ್ರತಿ ಹೆಸರಿನ ಕೆಳಗೆ, ಆ ಗೆರೆ ದಾಟಿದ ಮೇಲೂ ಬದಲಾಗದೆ ಉಳಿದ ಒಂದು ಸಂಗತಿಯನ್ನು ಕಡ್ಡಾಯವಾಗಿ ಬರೆಯಲಿ. ಕಳೆದ ಸಲ ಒಂದು ಗುಂಪು ‘ಬಾವಿ ಕಾಲ’, ‘ನಲ್ಲಿ ಕಾಲ’, ‘ಕಾವೇರಿ ಕಾಲ’ ಎಂದು ಬರೆದು ಕೈ ಒರೆಸಿಕೊಳ್ಳುತ್ತಿತ್ತು. 2007ರಲ್ಲಿ ನಗರದೊಳಗೆ ಸೇರಿದ 110 ಹಳ್ಳಿಗಳಲ್ಲಿ ಒಂದರಿಂದ ಬರುವ ಹುಡುಗಿ ಎದ್ದು, ತಮ್ಮ ಬೀದಿಗೆ ಇನ್ನೂ ಟ್ಯಾಂಕರೇ ಬರುವುದೆಂದು ಹೇಳಿ, ಮೂರನೆಯ ಚೀಟಿಯನ್ನು ಹಗ್ಗದಿಂದ ಕಳಚಿ ಕೈಯಲ್ಲಿ ಹಿಡಿದುಕೊಂಡಳು.