ರಾಗಿ ಹೊಲದಲ್ಲಿ ಬೆಳೆ ಬದಲಿಸಿ, ಉಳುಮೆ ತಗ್ಗಿಸುವುದು ಹೇಗೆ?

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಲ್ಲಿ ಒಂದು ಪ್ರಯೋಗ ಶುರುವಾಯಿತು. ಮಳೆ ನಂಬಿದ ಕೆಂಪು ಮಣ್ಣಿನಲ್ಲಿ ಕೆಲವು ತಾಕುಗಳಿಗೆ ಪ್ರತಿ ವರ್ಷ ರಾಗಿ. ಇನ್ನು ಕೆಲವಕ್ಕೆ ಒಂದು ವರ್ಷ ರಾಗಿ, ಮರುವರ್ಷ ಕಡಲೆಕಾಯಿ. ಗೊಬ್ಬರವನ್ನೇ ಕೊಡದ ತಾಕುಗಳಲ್ಲಿ ಇಳುವರಿ ಕುಸಿಯುತ್ತಾ ಹೋಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ, ಜೊತೆಗೆ ಶಿಫಾರಸಿನ ರಸಗೊಬ್ಬರ ಕಂಡ ತಾಕುಗಳು ಚೆನ್ನಾಗಿ ಉಳಿದುಕೊಂಡವು. ಮಣ್ಣಿನ ಲಾಭ ನಷ್ಟ ಹೀಗೆ ನಿಧಾನವಾಗಿ ಕಾಣುವಂಥದ್ದು. ನಿಮ್ಮ ಹೊಲದಲ್ಲೂ ಅದನ್ನು ಅಳೆಯಬಹುದು.

ಮೊದಲು ಮಣ್ಣು ಪರೀಕ್ಷೆ. ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮುಂಚೆ, ಹೊಲದ ಎಂಟು ಹತ್ತು ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆಯಿರಿ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ ಬೇಡ. ಎಲ್ಲ ಬೆರೆಸಿ ಅರ್ಧ ಕೆ.ಜಿ.ಯನ್ನು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ. ವರದಿಯಲ್ಲಿ ಸಾವಯವ ಇಂಗಾಲ, ಅಂದರೆ ಕೊಳೆತ ಗಿಡ, ಗೊಬ್ಬರಗಳಿಂದ ಮಣ್ಣಿಗೆ ಸೇರಿದ ಇಂಗಾಲ ಎಷ್ಟಿದೆ ನೋಡಿ. ಅದು ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದರ್ಥ.

ನಾಲ್ಕೈದು ಗುಂಟೆ ಹಳೆ ಪದ್ಧತಿಗೇ ಬಿಡಿ. ಇದನ್ನು ತಪ್ಪಿಸಬೇಡಿ. ಮಳೆ ಚೆನ್ನಾಗಿ ಬಂದ ವರ್ಷ ಹೇಗೆ ಮಾಡಿದರೂ ಬೆಳೆ ಬರುತ್ತದೆ ಅಲ್ವಾ? ಪಕ್ಕದಲ್ಲಿ ಹೋಲಿಸಲು ಹಳೆ ಪದ್ಧತಿಯ ನೆಲದ ಪಟ್ಟಿ ಇದ್ದರೆ ಮಾತ್ರ ನಿಜ ತಿಳಿಯುತ್ತದೆ.

ಬೆಳೆ ಬದಲಿಸಿ. ರಾಗಿಯ ಮರುವರ್ಷ ದ್ವಿದಳ ಬೆಳೆ ಬರಲಿ. ಅವರೆ, ಅಲಸಂದೆ, ತೊಗರಿ, ಕಡಲೆಕಾಯಿ ಯಾವುದಾದರೂ ಆದೀತು. ಇವುಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಆದರೆ ಎಲ್ಲ ಬೆಳೆಗಳೂ ಮಣ್ಣಿಗೆ ಒಂದೇ ಸಮ ಬಿಟ್ಟುಹೋಗುವುದಿಲ್ಲ. ಕಡಲೆಕಾಯಿಯನ್ನು ಬುಡಸಮೇತ ಕಿತ್ತು, ಬಳ್ಳಿಯನ್ನು ದನಕ್ಕೆ ಒಯ್ಯುತ್ತೇವೆ. ಹೊಲದಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ತೊಗರಿ ಹಾಗಲ್ಲ. ಎಲೆ ಉದುರಿಸುತ್ತದೆ, ಬೇರು ಆಳಕ್ಕೆ ಇಳಿಯುತ್ತದೆ. ಮಣ್ಣಿನ ದೃಷ್ಟಿಯಿಂದ ನನ್ನ ಮತ ತೊಗರಿಗೆ. ಇಡೀ ಹೊಲ ರಾಗಿಯಿಂದ ಬಿಡಿಸಲು ಮನಸ್ಸಿಲ್ಲದವರು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ, ಮರುವರ್ಷ ಸಾಲುಗಳ ಜಾಗ ಬದಲಿಸಿ. ರಾಗಿಯ ನಡುವೆ ಬೇರೆ ಬೆಳೆಯ ಸಾಲು ಹಾಕುವ ನಮ್ಮ ಹಿರಿಯರ ಅಕ್ಕಡಿ ಸಾಲಿನಲ್ಲಿ ಈ ತಿಳಿವಳಿಕೆ ಮೊದಲೇ ಇತ್ತು.

ಉಳುಮೆ ತಗ್ಗಿಸಿ, ಪೂರ್ತಿ ಬಿಡಬೇಡಿ. ಉಳುಮೆಯೇ ಬೇಡ ಎನ್ನುವ ಮಾತು ಈಗ ಜಾಸ್ತಿ ಕೇಳುತ್ತಿದೆ. ನಮ್ಮ ಕೆಂಪು ಮಣ್ಣಿನಲ್ಲಿ ಅದು ಸುಲಭವಲ್ಲ. ಒಣಗಿದರೆ ಈ ಮಣ್ಣು ಕಲ್ಲಾಗುತ್ತದೆ. ಜೋರು ಮಳೆ ಬಿದ್ದರೆ ಮೇಲೆ ತೆಳು ಗಟ್ಟಿ ಪದರ ಕಟ್ಟಿ, ನೀರು ಇಂಗದೆ ಹರಿದುಹೋಗುತ್ತದೆ. ಉಳುಮೆ ಬಿಟ್ಟ ಮೊದಲ ವರ್ಷಗಳಲ್ಲಿ ಕಳೆಯೂ ಹೆಚ್ಚುತ್ತದೆ. ಹಾಗಾಗಿ ಬೇಸಿಗೆ ಮಳೆಗೆ ಒಂದು ಉಳುಮೆ ಇರಲಿ, ಇಳಿಜಾರಿಗೆ ಅಡ್ಡಲಾಗಿ. ಬಿತ್ತನೆಗೆ ಮುಂಚೆ ಹದ ನೋಡಿ ಒಂದು ಸಲ ಕುಂಟೆ ಹೊಡೆದರೆ ಸಾಕು. ಬಿಡಬೇಕಾದ್ದು ಮೇಲಿಂದ ಮೇಲೆ ರೋಟವೇಟರ್ ಹೊಡೆದು ಮಣ್ಣನ್ನು ಹಿಟ್ಟು ಮಾಡುವುದನ್ನು. ಹಿಟ್ಟಾದ ಮಣ್ಣೇ ಮೊದಲ ಮಳೆಗೆ ಕೊಚ್ಚಿಹೋಗುವುದು. ವರ್ಷವೂ ಒಂದೇ ಆಳಕ್ಕೆ ಉತ್ತರೆ ಅಡಿಯಲ್ಲಿ ಗಟ್ಟಿ ತಳ ಕಟ್ಟುತ್ತದೆ. ಮಳೆ ಬಂದ ಮೇಲೆ ಕಬ್ಬಿಣದ ಸರಳು ಚುಚ್ಚಿ ನೋಡಿ. ಒಂದೇ ಆಳದಲ್ಲಿ ಎಲ್ಲ ಕಡೆ ತಡೆದರೆ ಅದೇ ಆ ತಳ.

ತೆಗೆದದ್ದನ್ನು ತುಂಬಿ. ರಾಗಿ ಹುಲ್ಲು ದನಕ್ಕೆ ಬೇಕೇ ಬೇಕು. ಅದನ್ನು ಹೊಲದಲ್ಲೇ ಬಿಡಿ ಎನ್ನುವುದು ಸರಿಯಲ್ಲ. ಕೂಳೆ ಮಾತ್ರ ಸುಡಬೇಡಿ, ಸಗಣಿ ಗೊಬ್ಬರ ಹೊಲಕ್ಕೇ ಮರಳಲಿ. ಜಿಕೆವಿಕೆಯ ಲೆಕ್ಕ ಎಕರೆಗೆ 4 ಟನ್ ಆಗುತ್ತದೆ. ಅಷ್ಟು ಸಿಗದಿದ್ದರೆ ಮೇ ತಿಂಗಳ ಮಳೆಗೆ ಹಸಿರು ಗೊಬ್ಬರದ ಬೆಳೆಯಾದ ಅಪ್ಸೆಣಬಿನ ಬೀಜ ಚೆಲ್ಲಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ.

ಬರೆದಿಡಿ. ಎರಡೂ ಪಟ್ಟಿಗಳ ರಾಗಿಯನ್ನು ಒಣಗಿಸಿ ಬೇರೆ ಬೇರೆ ತೂಗಿ. ಮಳೆ ಬಿದ್ದ ದಿನ, ಕಳೆ ಕೂಲಿ, ಡೀಸೆಲ್ ಖರ್ಚು ಕೂಡ ಬರೆಯಿರಿ. ಇಳುವರಿ ಸಮನಾಗಿದ್ದು ಖರ್ಚು ಇಳಿದರೂ ಅದು ಲಾಭವೇ. ಮೂರು ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ, ಅದೇ ಆಳದಿಂದ, ಎರಡೂ ಪಟ್ಟಿಗಳ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ಪರೀಕ್ಷೆಗೆ ಕಳಿಸಿ.