ಗಾಜಿನ ಬೆನ್ನಿಗೆ ಬರೆದ ಚೀನಾ ಚಿತ್ರಗಳು: ನನ್ನ ಅನುಭವ
ಹಳೆ ಚೀನಾ ಗಾಜಿನ ಚಿತ್ರ ಕೈಗೆ ಬಂದರೆ ನಾನು ಮೊದಲು ತಿರುಗಿಸಿ ನೋಡುತ್ತೇನೆ. ಬಣ್ಣ ಇರುವುದು ಗಾಜಿನ ಹಿಂದೆ. ಹಾಗಾಗಿ ನೂರು ವರ್ಷ ಕಳೆದರೂ ಎದುರಿನಿಂದ ನಿನ್ನೆ ಬರೆದ ಹಾಗೆ ಹೊಳೆಯುತ್ತದೆ. ವಯಸ್ಸು ಗೊತ್ತಾಗುವುದು ಹಿಂದಿನ ಹಲಗೆಯಿಂದ, ಮೊಳೆಯಿಂದ.

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿಗೂ ಈ ಚಿತ್ರಗಳಿಗೂ ಹಳೆಯ ನಂಟು. 18ನೇ ಶತಮಾನದಲ್ಲಿ ಯುರೋಪಿನ ಕನ್ನಡಿಗಳು ಹಡಗಿನಲ್ಲಿ ಕ್ಯಾಂಟನ್‌ಗೆ, ಅಂದರೆ ಇವತ್ತಿನ ಗ್ವಾಂಗ್‌ಝೌಗೆ ಹೋಗುತ್ತಿದ್ದವು. ಅಲ್ಲಿನ ಚಿತ್ರಗಾರರು ಕನ್ನಡಿಯ ಹಿಂದಿನ ತವರ-ಪಾದರಸದ ಲೇಪವನ್ನು ಬೇಕಾದಷ್ಟೇ ಕೆರೆದು, ಆ ಜಾಗಕ್ಕೆ ಬಣ್ಣ ತುಂಬುತ್ತಿದ್ದರು. ಆಮೇಲೆ ಅವು ಅದೇ ಸಮುದ್ರ ದಾಟಿ ವಾಪಸ್ ಬಂದು ಶ್ರೀಮಂತರ ಬಂಗಲೆ ಸೇರುತ್ತಿದ್ದವು. ಡೆವನ್‌ನ ಸಾಲ್ಟ್ರಮ್ ಬಂಗಲೆಯಲ್ಲಿ ಈಗಲೂ ಇವೆ, ಹೋಗಿ ನೋಡಿ. ಕೊಳ್ಳುವ ಮಾತು ಬೇರೆ, ಬೆಲೆ ನನ್ನಂಥವರ ಕೈಗೆ ಎಟುಕುವುದಿಲ್ಲ.

ನಾನು ಕೂಡಿಡುವುದು ಚೀನಾದವರು ತಮ್ಮ ಮನೆಗೇ ಮಾಡಿಕೊಂಡವು. 19ನೇ ಶತಮಾನದ ಕೊನೆ, 20ನೇ ಶತಮಾನದ ಶುರುವಿನವು. ಪಿಯೋನಿ ಹೂವಿನ ಹೂದಾನಿ, ನಾಟಕದ ದೃಶ್ಯ, ಮಗುವಿನ ಜೊತೆ ಕೂತ ಹೆಂಗಸು. ಪಿಯೋನಿ ಅಂದ್ರೆ ಸಿರಿ, ದಾಳಿಂಬೆ ಅಂದ್ರೆ ಮಕ್ಕಳು ಮರಿ, ಬಾವಲಿ ಕೂಡ ಅಲ್ಲಿ ಶುಭವೇ. ಹರಾಜಿನವರು ಇವಕ್ಕೆ ಜಾಸ್ತಿ ಬೆಲೆ ಕಟ್ಟುವುದಿಲ್ಲ. ನನಗೆ ಮಾತ್ರ ಬಂಗಲೆಯ ಚಿತ್ರಗಳಿಗಿಂತ ಇವೇ ಇಷ್ಟ. ಒಂದು ಸಂಸಾರದ ಆಸೆಯೆಲ್ಲ ಇದರಲ್ಲಿ ಕಾಣುತ್ತದೆ.

ನನ್ನ ಹತ್ತಿರ ಬೀಸಣಿಗೆ ಹಿಡಿದ ಹೆಂಗಸಿನ ಚಿತ್ರವೊಂದಿದೆ. ಪಕ್ಕದ ಮೇಜಿನ ಮೇಲೆ ಗಡಿಯಾರ. ಅವಳ ಓಲೆಯ ಮೇಲೊಂದು ಬಿಳಿ ಚುಕ್ಕೆ ಹೊಳೆಯುತ್ತದೆ. ಮಾಮೂಲಿ ಚಿತ್ರದಲ್ಲಿ ಅದು ಕೊನೆಗೆ ಇಡುವ ಚುಕ್ಕೆ. ಇಲ್ಲಿ ನೋಡುವುದು ಗಾಜಿನ ಆಚೆ ಬದಿಯಿಂದ, ಹಾಗಾಗಿ ಮೊದಲು ಅದನ್ನೇ ಇಡಬೇಕು. ಆಮೇಲೆ ಹುಬ್ಬು, ರೆಪ್ಪೆ, ತುಟಿ. ಅದರ ಮೇಲೆ ಮುಖದ ಬಣ್ಣ, ಕಡೆಗೆ ಹಿನ್ನೆಲೆ. ಮುಖದ ಬಣ್ಣ ಬಿದ್ದ ಮೇಲೆ ಹುಬ್ಬು ತಿದ್ದೋಣ ಅಂದರೆ ಆಗಲ್ಲ. ಇವಳ ಹಣೆಯ ಅಂಚಿನ ಕೂದಲು ಒಂದೊಂದೂ ಬೇರೆ ಬೇರೆ ಎಳೆ, ಎಲ್ಲೂ ಕೈ ನಡುಗಿಲ್ಲ. ಇನ್ನೊಂದು ಗಮನಿಸಿದೆ: ಚೀನಾದ ನಿಲುವಂಗಿಯ ಎದೆ ಮೇಲಿನ ಮಡಿಕೆ ತೊಟ್ಟವರ ಬಲಕ್ಕೆ ಬರಬೇಕು, ಇವಳದ್ದು ಎಡಕ್ಕಿದೆ. ಗಾಜಿನ ಕೆಳಗೆ ನಮೂನೆ ಇಟ್ಟು ಹಾಗೇ ನಕಲು ತೆಗೆದರೆ ಎದುರಿನಿಂದ ಎಡಬಲ ಅದಲುಬದಲಾಗುತ್ತದೆ, ಅಲ್ವಾ?

ಕೊಳ್ಳುವಾಗ ಗಾಜನ್ನು ಓರೆಯಾಗಿ ಹಿಡಿದು ಕಿಟಕಿಯ ಪ್ರತಿಬಿಂಬ ನೋಡುತ್ತೇನೆ. ಹಳೆ ಗಾಜಿನಲ್ಲಿ ಅದು ಸಾಮಾನ್ಯವಾಗಿ ಸ್ವಲ್ಪ ಅಲೆಯಲೆಯಾಗಿ ಬಳುಕುತ್ತದೆ. ಹೊಸ ಗಾಜಿನಲ್ಲಿ ನೆಟ್ಟಗಿರುತ್ತದೆ. ಹಲಗೆಗೆ ಹೊಸ ಸ್ಕ್ರೂ, ಮೂಗಿಗೆ ಬಣ್ಣದ ವಾಸನೆ ಬಂದರೆ ಸುಮ್ನೆ ಕೆಳಗಿಟ್ಟು ನಡೆಯುತ್ತೇನೆ. ಹಿಂದೆ ಅಂಟಿಸಿದ ಹಳೆ ಚೀನೀ ಪತ್ರಿಕೆಯನ್ನಷ್ಟೇ ನಂಬಬಾರದು, ಹಳೆ ಕಾಗದ ಯಾರು ಬೇಕಾದರೂ ಅಂಟಿಸಬಹುದು. ಕನ್ನಡಿ ಚಿತ್ರವಾದರೆ ಲೇಪದಲ್ಲಿ ಪಾದರಸ ಇರಬಹುದು, ಬರಿಗೈಯಲ್ಲಿ ಕೆದಕಬೇಡಿ.

ಬಣ್ಣ ಚಕ್ಕೆ ಏಳುತ್ತಿದ್ದರೆ ಗಾಜಿನ ಮುಖ ಕೆಳಗೆ, ಬಣ್ಣದ ಬದಿ ಮೇಲೆ ಮಾಡಿ, ಮಲಗಿಸಿಯೇ ತರುತ್ತೇನೆ. ನಿಲ್ಲಿಸಿದರೆ ಚಕ್ಕೆ ಉದುರಿ ಚೌಕಟ್ಟಿನ ತಳ ಸೇರುತ್ತದೆ. ಬೆನ್ನಿಗೆ ಬಟ್ಟೆ ತಾಗಿಸುವುದಿಲ್ಲ. ಉದುರಿದ ಜಾಗಕ್ಕೆ ಬಣ್ಣ ಹಚ್ಚುವುದೂ ಇಲ್ಲ. ಅದು ಸಂರಕ್ಷಣೆ ಕಲಿತವರ ಕೆಲಸ. ಮುಂದಿನ ಗಾಜಿಗೆ ನೀರು ಚಿಮುಕಿಸಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ, ಹಾಗಾಗಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಹೀಟರ್ ಮೇಲಂತೂ ಇವನ್ನು ನೇತು ಹಾಕಲೇಬಾರದು.

ಈ ಕಲೆ ಚೀನಾ ವ್ಯಾಪಾರದ ಜೊತೆ ನಮ್ಮ ದೇಶಕ್ಕೂ ಬಂತು. ಗುಜರಾತಿನ ಭುಜ್‌ನ ಐನಾ ಮಹಲ್ ಅರಮನೆಯಲ್ಲಿ ಗಾಜಿನ ಚಿತ್ರಗಳಿವೆ. ಮೈಸೂರು, ತಂಜಾವೂರಿನ ಚಿತ್ರಗಾರರೂ ಗಾಜಿನ ಮೇಲೆ ದೇವರನ್ನು ಬರೆದರು. ಊರಿಗೆ ಹೋದಾಗ ಕೊಂಡ ಹಳೆಯ ಗಾಜಿನ ಬಾಲಕೃಷ್ಣ, ನನ್ನ ಅಣ್ಣನ ಮನೆಯಲ್ಲೇ ಇದ್ದಾನೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಕಲಾವಸ್ತುವನ್ನು ನಮ್ಮಂಥವರು ದೇಶದ ಹೊರಗೆ ಒಯ್ಯುವಂತಿಲ್ಲ. ಆ ಕೃಷ್ಣನನ್ನು ನೋಡಬೇಕೆಂದರೆ ನಾನೇ ಊರಿಗೆ ಹೋಗಬೇಕು.