ಡ್ರೈವ್‌ನಲ್ಲಿ ಓಡುವ ಮೋಟರ್‌ ಸುಟ್ಟ ಮೇಲೆ ನಾನು ಮಾಡಿಕೊಂಡ ಏರ್ಪಾಡು

ಕನ್ವೇಯರ್ ಎಳೆಯುವ 15 ಕಿಲೋವ್ಯಾಟ್‌ನ ನಾಲ್ಕು ಪೋಲ್ ಮೋಟರೊಂದು ನೇರ ಲೈನಿನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ಓಡಿತ್ತು. ವೇಗ ತಗ್ಗಿಸಬೇಕೆಂದು ಅದಕ್ಕೆ ವಿಎಫ್‌ಡಿ, ಅಂದರೆ ವಿದ್ಯುತ್ತಿನ ಫ್ರೀಕ್ವೆನ್ಸಿ ಬದಲಿಸಿ ವೇಗ ಹೊಂದಿಸುವ ಡ್ರೈವ್, ಜೋಡಿಸಿ ಲೈನಿನ 50ರ ಬದಲು 12 ಹರ್ಟ್ಸ್‌ನಲ್ಲಿ ಓಡಿಸತೊಡಗಿದ ಕೆಲವೇ ವಾರಗಳಲ್ಲಿ ವೈಂಡಿಂಗ್ ಸುಟ್ಟುಹೋಯಿತು. ಬಿಚ್ಚಿ ನೋಡಿದಾಗ ಮೂರೂ ಫೇಸಿನ ಸುರುಳಿಗಳು ಒಂದೇ ಸಮನೆ ಕಪ್ಪಾಗಿದ್ದವು. ಒಂದು ಫೇಸ್ ತಪ್ಪಿ ಸುಟ್ಟಿದ್ದರೆ ಹಾಗಿರುವುದಿಲ್ಲ. ಇದು ನಿಧಾನವಾಗಿ ಬೆಂದ ಮೋಟರ್.

ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸಲು ಪ್ಯಾನೆಲ್‌ನಲ್ಲಿದ್ದ ಓವರ್‌ಲೋಡ್ ರಿಲೇ ಏಕೆ ಟ್ರಿಪ್ ಆಗಲಿಲ್ಲವೆಂಬ ಪ್ರಶ್ನೆಗೆ ರೀವೈಂಡಿಂಗ್ ಮುಗಿದು ಮೋಟರ್ ಮತ್ತೆ ಕೂತ ದಿನ ಉತ್ತರ ಸಿಕ್ಕಿತು. ರಿಲೇ ಹಳೆಯ ಜಾಗದಲ್ಲಿಯೇ, ಅಂದರೆ ಡ್ರೈವ್‌ನ ಇನ್‌ಪುಟ್ ಕಡೆಯಲ್ಲಿ ಉಳಿದಿತ್ತು. 12 ಹರ್ಟ್ಸ್‌ನಲ್ಲಿ ಅಲ್ಲಿ ಕ್ಲ್ಯಾಂಪ್ ಮೀಟರ್ ಹಾಕಿದರೆ ಸುಮಾರು 10 ಆಂಪಿಯರ್. ಅದೇ ಹೊತ್ತಿಗೆ ಡ್ರೈವ್‌ನ ಡಿಸ್‌ಪ್ಲೇ ತೋರಿಸುತ್ತಿದ್ದ ಮೋಟರ್ ಕರೆಂಟ್ 27. ಕನ್ವೇಯರ್‌ಗೆ ವೇಗ ಎಷ್ಟಿದ್ದರೂ ಟಾರ್ಕ್ ಹೆಚ್ಚುಕಡಿಮೆ ಅಷ್ಟೇ ಬೇಕಾಗುವುದರಿಂದ ಮೋಟರ್ ಕರೆಂಟ್ ಇಳಿಯುವುದಿಲ್ಲ. ಆದರೆ ಮೋಟರ್‌ಗೆ ಹೋಗುವ ವೋಲ್ಟೇಜ್ ತಗ್ಗಿರುವುದರಿಂದ ಲೈನಿನಿಂದ ಎಳೆಯುವ ವಿದ್ಯುತ್ತು ಮಾತ್ರ ಕಡಿಮೆಯಾಗುತ್ತದೆ. 28 ಆಂಪಿಯರ್‌ಗೆ ಸೆಟ್ ಮಾಡಿದ್ದ ರಿಲೇ ಪಾಲಿಗೆ ಮೋಟರ್ ಆರಾಮವಾಗಿತ್ತು.

ಡ್ರೈವ್ ಒಳಗೇ ಎಲೆಕ್ಟ್ರಾನಿಕ್ ಓವರ್‌ಲೋಡ್ ಇತ್ತಲ್ಲ ಎನ್ನಬಹುದು. ಇತ್ತು, ಆದರೆ ಡ್ರೈವ್ 18.5 ಕಿಲೋವ್ಯಾಟ್‌ನದು, ನೇಮ್‌ಪ್ಲೇಟ್ ಕರೆಂಟನ್ನು ಯಾರೂ ತುಂಬಿರಲಿಲ್ಲವಾದ್ದರಿಂದ ಅದು ತನ್ನದೇ ರೇಟಿಂಗ್ ಆದ 38 ಆಂಪಿಯರ್‌ನಲ್ಲಿ ನಿಂತಿತ್ತು. ಮೋಟರ್‌ನ ಕೂಲಿಂಗ್ ಬಗೆ ಕೇಳುವ ಪ್ಯಾರಾಮೀಟರ್‌ನಲ್ಲಿ ‘ಪ್ರತ್ಯೇಕ ಫ್ಯಾನ್’ ಎಂದಿತ್ತು. ನಮ್ಮ ಮೋಟರ್‌ನ ಫ್ಯಾನ್ ಇದ್ದದ್ದು ಶಾಫ್ಟಿನ ಮೇಲೆಯೇ; ಮೋಟರ್ ನಿಧಾನವಾದರೆ ಅದೂ ನಿಧಾನ, ಕರೆಂಟ್ ಮಿತಿಯೊಳಗಿದ್ದರೂ ಬಿಸಿ ಸಾಕಷ್ಟು ಹೊರಹೋಗುವುದಿಲ್ಲ. 50 ಹರ್ಟ್ಸ್‌ನಲ್ಲಿ ಅದರ ಕವರ್ ಮೇಲೆ ಹಿಡಿದ ಕಾಗದದ ಹಾಳೆ ಜಾಲರಿಗೆ ಅಂಟಿಕೊಳ್ಳುತ್ತಿತ್ತು; 12ಕ್ಕೆ ಇಳಿಸಿದಾಗ ಜಾರಿ ನೆಲಕ್ಕೆ ಬಿತ್ತು. ಎರಡೂ ಪ್ಯಾರಾಮೀಟರ್‌ಗಳನ್ನು ಅಂದೇ ಸರಿಪಡಿಸಿದೆ.

ಆದರೂ ಆ ಲೆಕ್ಕವನ್ನಷ್ಟೇ ನಂಬಲು ಮನಸ್ಸಾಗಲಿಲ್ಲ. ಕರೆಂಟ್, ವೇಗ ಮತ್ತು ಸಮಯ ನೋಡಿ ಡ್ರೈವ್ ಮೋಟರ್‌ನ ಬಿಸಿಯನ್ನು ಊಹಿಸುತ್ತದೆ. ಮೋಟರ್‌ನ ಮೈಮೇಲಿನ ಕೂಲಿಂಗ್ ರೆಕ್ಕೆಗಳ ನಡುವೆ ಧೂಳು ತುಂಬಿರುವುದು ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ರೀವೈಂಡಿಂಗ್ ಮಾಡುವವರಿಗೆ ವಾರ್ನಿಷ್ ಹಾಕುವ ಮೊದಲೇ ಹೇಳಿ, ಪ್ರತಿ ಫೇಸಿನ ಸುರುಳಿಯ ತಲೆಯೊಳಗೆ ಒಂದೊಂದರಂತೆ ಮೂರು ಪಿಟಿಸಿ ಥರ್ಮಿಸ್ಟರ್‌ಗಳನ್ನು (ಬಿಸಿಯಾದಾಗ ರೋಧ ಏರುವ ಸೆನ್ಸರ್‌ಗಳು) ಹುದುಗಿಸಿ ಸರಣಿಯಲ್ಲಿ ಕಟ್ಟಿಸಿದ್ದೆ. ಇನ್ಸುಲೇಶನ್ ಎಫ್ ಕ್ಲಾಸಿನದು, ಅಂದರೆ 155 ಡಿಗ್ರಿಯದು. ಟ್ರಿಪ್‌ಗೆ ನಾನು ಆರಿಸಿದ್ದು 140. ತಣ್ಣಗಿದ್ದಾಗ ಮೂರೂ ಸೇರಿ ಕೆಲವು ನೂರು ಓಮ್ ಇರುವ ರೋಧ, ಆ ಬಿಸಿ ಮುಟ್ಟುತ್ತಲೇ ಹಲವು ಸಾವಿರಕ್ಕೆ ನೆಗೆಯುತ್ತದೆ; ಅದನ್ನು ಕಂಡು ಥರ್ಮಿಸ್ಟರ್ ರಿಲೇ ಮೋಟರನ್ನು ನಿಲ್ಲಿಸುತ್ತದೆ. ಈ ರೋಧವನ್ನು ಮಲ್ಟಿಮೀಟರ್‌ನಿಂದ ಮಾತ್ರ ನೋಡಬೇಕು. ಥರ್ಮಿಸ್ಟರ್ ಸರಣಿಯ ಎರಡು ತಂತಿಗಳ ನಡುವೆ, ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್ ಕೊಟ್ಟರೆ ಥರ್ಮಿಸ್ಟರ್ ಹಾಳಾಗುತ್ತದೆ. ತಂತಿಯನ್ನು ಮೊದಲು ಪವರ್ ಕೇಬಲ್ ಜೊತೆಗೇ ಎಳೆದು, ಕಾರಣವಿಲ್ಲದ ಟ್ರಿಪ್‌ಗಳಿಂದ ಎರಡು ದಿನ ಕಳೆದುಕೊಂಡೆ. ಶೀಲ್ಡ್ ಇರುವ ಕೇಬಲನ್ನು ಬೇರೆ ದಾರಿಯಲ್ಲಿ ತಂದ ಮೇಲೆ ಅವು ನಿಂತವು.

ಬಿಸಿಯೇ ಆಗದಂತೆ ಹಿಂಬದಿಗೆ ಪ್ರತ್ಯೇಕ ಬ್ಲೋವರ್ ಕೂರಿಸಿ, ಡ್ರೈವ್‌ನ ಔಟ್‌ಪುಟ್‌ನಿಂದಲ್ಲದೆ ನೇರ ಲೈನಿನಿಂದ ಅದಕ್ಕೆ ಸಪ್ಲೈ ಕೊಟ್ಟೆ. ಕೂಲಿಂಗ್ ಪ್ಯಾರಾಮೀಟರನ್ನು ಮತ್ತೆ ‘ಪ್ರತ್ಯೇಕ ಫ್ಯಾನ್’ಗೆ ತಿರುಗಿಸಿದೆ. ಬ್ಲೋವರ್ ಮೊದಲ ದಿನ ಉಲ್ಟಾ ತಿರುಗುತ್ತಿತ್ತು. ಸದ್ದು ಚೆನ್ನಾಗಿಯೇ ಇತ್ತು, ಕಾಗದ ಮಾತ್ರ ನಿಲ್ಲಲಿಲ್ಲ.

ಮುಂದೊಮ್ಮೆ ಬ್ಲೋವರ್‌ನ ಬ್ರೇಕರ್ ಬಿದ್ದು ಥರ್ಮಿಸ್ಟರ್ ರಿಲೇ ಕನ್ವೇಯರನ್ನು ನಿಲ್ಲಿಸಿತು. ಆಪರೇಟರ್ ಹಳೆಯ ಅಭ್ಯಾಸದಂತೆ ಡ್ರೈವ್‌ನ ಸಪ್ಲೈ ತೆಗೆದು ಹಾಕಿದರು. ನಮ್ಮ ಡ್ರೈವ್‌ನ ಬಿಸಿಯ ಲೆಕ್ಕ ಹಾಗೆ ಮಾಡಿದರೆ ಸೊನ್ನೆಗೆ ಬರುತ್ತದೆ. ಥರ್ಮಿಸ್ಟರ್ ರಿಲೇ ಮಾತ್ರ ಮೋಟರ್ ತಣ್ಣಗಾಗುವವರೆಗೂ ರೀಸೆಟ್ ಆಗಲಿಲ್ಲ.